ಸ್ವಿಚ್ ಒತ್ತಿದ ಕೂಸಿಗೆ ಏನೇನು ತಿಳಿದಿರುತ್ತದೆ?

ಕೇಳುಗರಿಗೆ ನಮಸ್ಕಾರ. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮೆದುಳಿಗಾದ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಮಕ್ಕಳ ಮನೆಗೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: "ಅಕಿಗೇನೂ ತಿಳಿಯೂದಿಲ್ರೀ." ಮಾತು ಬರಲ್ಲ, ಕೈ ಹಿಡಿತಕ್ಕೆ ಸಿಗಲ್ಲ, ಹಾಗಾದರೆ ತಲೆಯೂ ಓಡಲ್ಲ ಅಂತ ಲೆಕ್ಕ. ಬರೀ ಮನೆಯವರನ್ನು ದೂರಿ ಏನುಪಯೋಗ? ನಮ್ಮ ಎಷ್ಟೋ ಬುದ್ಧಿ ಪರೀಕ್ಷೆಗಳೂ ಹಾಗೇ ಇವೆ. ಬ್ಲಾಕ್ ಜೋಡಿಸು, ಚಿತ್ರ ತೋರಿಸು, ಹೆಸರು ಹೇಳು ಅನ್ನುತ್ತವೆ. ಕೈಯೇ ಏಳದ ಕೂಸು ಏನು ಮಾಡಬೇಕು, ಹೇಳಿ?

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಆಲ್ ಕುಕ್, ಕಿಮ್ ಆಡಮ್ಸ್ ಮತ್ತು ಅವರ ಜೊತೆಗಾರರು ಇದಕ್ಕೆ ಲೆಗೊ ಅನ್ನುವ ಜೋಡಿಸುವ ಆಟಿಕೆಯಿಂದ ಮಾಡಿದ ರೋಬಾಟ್ ಬಳಸಿದರು. ತಲೆಯೋ ಮೊಣಕಾಲೋ, ಮೈಯ ಯಾವ ಭಾಗ ಮಗುವಿನ ಮಾತು ಕೇಳುತ್ತದೋ ಅಲ್ಲಿಗೆ ಒಂದು ಸ್ವಿಚ್. ಒತ್ತಿದರೆ ಪುಟ್ಟ ಗಾಡಿ ಓಡಿಹೋಗಿ ಬ್ಲಾಕಿನ ಗೋಪುರ ಕೆಡವುತ್ತದೆ. ತಾನು ಒತ್ತಿದ್ದಕ್ಕೇ ಅದು ಓಡಿತು ಅಂತ ಮಗುವಿಗೆ ಹೊಳೆಯಿತಾ, ಅದು ಮೊದಲ ಮೆಟ್ಟಿಲು. ಆಮೇಲೆ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬೇಕು. ಒತ್ತುವ ಆಸೆ ಇದ್ದರೂ ಸ್ವಿಚ್ ಬಿಡಬೇಕು, ಅದು ಸುಮ್ನೆ ಅಲ್ಲ. ನಂತರ ಎರಡು ಸ್ವಿಚ್, ಎಡ ಬಲ ಆರಿಸುವ ಕೆಲಸ. ಇನ್ನೂ ಮುಂದೆ, ಮೊದಲು ತಿರುಗಿಸಿ ಆಮೇಲೆ ಓಡಿಸುವುದು. ಅಂಗವಿಕಲತೆ ಇಲ್ಲದ ಪುಟ್ಟ ಮಕ್ಕಳಿಗೂ ಇದೇ ಆಟ ಆಡಿಸಿದ್ದಾರೆ, ಯಾವ ವಯಸ್ಸಿಗೆ ಏನು ಬರುತ್ತದೆ ಅಂತ ಹೋಲಿಸಿ ನೋಡಬೇಕಲ್ವಾ.

ಆದರೆ ಮಗು ಒತ್ತಲಿಲ್ಲ ಅಂದರೆ ತಿಳಿಯಲಿಲ್ಲ ಅಂತ ಅಲ್ಲ. ಸ್ವಿಚ್ ಎಟುಕಿರಲಿಕ್ಕಿಲ್ಲ, ದಣಿದಿರಬಹುದು, ಆಟವೇ ಬೇಜಾರಾಗಿರಬಹುದು. ನನಗಂತೂ ಗಾಡಿ ಓಡಿದ್ದಕ್ಕಿಂತ, ಒತ್ತುವ ಮುಂಚೆ ಮಗು ಗೋಪುರದ ಕಡೆ ನೋಡುವ ನೋಟವೇ ಜಾಸ್ತಿ ಹೇಳುತ್ತದೆ.

ರೋಬಾಟ್ ಇಲ್ಲವೇ? ಮೊದಲ ಮೆಟ್ಟಿಲಿಗೆ ಸೆಲ್ ಹಾಕುವ ಆಟದ ಕಾರು ಸಾಕು. ಎರಡು ತೆಳು ತಾಮ್ರದ ತಗಡಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಸೆಲ್‌ನ ತುದಿಗೂ ಅದು ತಾಗುವ ಲೋಹದ ಪಟ್ಟಿಗೂ ನಡುವೆ ತೂರಿಸಿ, ಒಂದೊಂದು ತಗಡಿನಿಂದ ಒಂದೊಂದು ವೈರ್ ಎಳೆದು ಕಾಲಿಂಗ್ ಬೆಲ್ ಬಟನ್‌ಗೆ ಕೊಡಿ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಯಾರಾದರೂ ಕೂತಲ್ಲೇ ಮಾಡಿಕೊಟ್ಟಾರು. ಕಾರಿನ ಸ್ವಿಚ್ ಆನ್ ಇರಲಿ. ಬಟನ್ ಒತ್ತಿದಾಗ ಕಾರು ಓಡುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಒಂದೇ ಮಾತು, ಮಗುವಿನ ಕೈ ಹಿಡಿದು ನೀವೇ ಒತ್ತಿಸಬೇಡಿ. ಅದು ಒತ್ತುವವರೆಗೆ ಕಾಯಿರಿ, ಎಷ್ಟು ಹೊತ್ತಾದರೂ ಸರಿ.