ತವರಿನಿಂದ ಪುಣೆಗೆ: ಕಂದನ ಮೊದಲ ಕಾರು ಪ್ರಯಾಣ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜ-ಅಜ್ಜಿಯರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ವಿಷಯ ಅಪ್ಪ-ಅಮ್ಮಂದಿರಿಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು.

ನಾನು ಡಾಕ್ಟರ್ ಅಲ್ಲ. ನನ್ನ ತವರು ಧಾರವಾಡ. ಮದುವೆಯಾಗಿ ಪುಣೆಗೆ ಬಂದೆ. ಚಾಕಣದಲ್ಲಿ ಕಾರಿನ ಸೀಟು, ಬೆಲ್ಟ್ ತಯಾರಾಗುವ ಕಡೆ ಇಂಜಿನಿಯರ್ ಆಗಿ ಕೆಲಸ ಮಾಡುತ್ತೇನೆ. ಹಾಗಾಗಿ ನನಗೆ ಗೊತ್ತಿರುವುದು ಎರಡು ವಿಷಯ. ಗಾಡಿ ಗಕ್ಕನೆ ನಿಂತಾಗ ಒಳಗೆ ಕೂತ ದೇಹಕ್ಕೆ ಏನಾಗುತ್ತದೆ ಅನ್ನುವುದು ಒಂದು. ಇನ್ನೊಂದು, ಪುಣೆ-ಧಾರವಾಡದ ರಸ್ತೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ವಾ? ಹುಬ್ಬಳ್ಳಿ ಆಗಲಿ, ವಿಜಯಪುರ ಆಗಲಿ, ಉಡುಪಿ ಆಗಲಿ, ಬಾಣಂತನ ಮುಗಿಸಿ ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಮಗು ಎತ್ತಿಕೊಂಡು ಇಲ್ಲಿಗೆ ಬರುತ್ತೇವೆ. ಅಂದರೆ ಪುಣೆ-ಮುಂಬಯಿಯ ಕನ್ನಡದ ಮಕ್ಕಳು ಮನೆಯಿಂದ ಉದ್ಯಾನಕ್ಕೆ ಹೋಗುವ ಮೊದಲೇ 400, 500, ಕೆಲವೊಮ್ಮೆ 900 ಕಿಲೋಮೀಟರ್ ಪ್ರಯಾಣ ಮಾಡಿಬಿಡುತ್ತವೆ. ಆ ದಿನ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ಅಮ್ಮ ಉಡಿ ತುಂಬುತ್ತಾಳೆ. ಮಗುವಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಡುತ್ತಾಳೆ. ಕುಂಚಿಗೆ ಕಟ್ಟಿ, ದುಪಟಿ ಸುತ್ತಿ, ಹಿಂದಿನ ಸೀಟಿನಲ್ಲಿ ಕೂತ ಮಗಳ ಮಡಿಲಿಗೆ ಮಗುವನ್ನು ಕೊಡುತ್ತಾಳೆ. ಕಿಟಕಿಯಲ್ಲಿ ಬಗ್ಗಿ ಹೇಳುತ್ತಾಳೆ: "ಗಟ್ಟಿಯಾಗಿ ಹಿಡ್ಕೊ."

ನನಗೂ ನನ್ನಮ್ಮ ಹಾಗೇ ಹೇಳಿದ್ದಳು. ನಾನೂ ಗಟ್ಟಿಯಾಗಿಯೇ ಹಿಡಿದಿದ್ದೆ.

ಮಗಳಿಗೆ ಆಗ 8 ತಿಂಗಳು. ಡಿಸೆಂಬರ್ ಸಂಜೆ. ಯಜಮಾನರು ಗಾಡಿ ಓಡಿಸುತ್ತಿದ್ದರು. ಕಬ್ಬು ಅರೆಯುವ ಕಾಲದಲ್ಲಿ ಕೊಲ್ಹಾಪುರ, ಕರಾಡ್ ಕಡೆಯ ಹೈವೇ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಕರಾಡ್ ಹತ್ತಿರ ಬರುತ್ತಿದ್ದಾಗ ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ ತುಂಬ ಕಬ್ಬು, ಒಂದಕ್ಕೂ ಹಿಂದಿನ ಲೈಟಿಲ್ಲ. ಕಂಡಾಗ ತೀರಾ ಹತ್ತಿರ ಬಂದಾಗಿತ್ತು. ಯಜಮಾನರು ಬ್ರೇಕ್ ಒತ್ತಿದರು. ನಾನು ಮಗುವನ್ನು ಅವುಚಿಕೊಂಡು ಅರ್ಧ ನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟಾಗ ನನ್ನ ಕೈಯಲ್ಲಿ ದುಪಟಿ ಇತ್ತು, ಮಗು ಇರಲಿಲ್ಲ. ಅದು ಮುಂದಿನ ಸೀಟಿನ ಬೆನ್ನಿಗೆ ಬಡಿದು ನನ್ನ ಕಾಲ ಹತ್ತಿರ ಬಿದ್ದಿತ್ತು. ಎರಡು ಕ್ಷಣ ಅದು ಅಳಲಿಲ್ಲ. ಆ ಎರಡು ಕ್ಷಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆಮೇಲೆ ಅತ್ತಿತು. ಕರಾಡಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಹಣೆ ಊದಿತ್ತು, ಅಷ್ಟೇ.

ಗಮನಿಸಿ, ಅಲ್ಲಿ ಡಿಕ್ಕಿ ಆಗಿರಲಿಲ್ಲ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದು ಬರೀ ಬ್ರೇಕ್.

ಡಿಕ್ಕಿ ಆಗಿದ್ದರೆ? ಲೆಕ್ಕ ಸುಲಭ. 50 ಕಿ.ಮೀ. ವೇಗದ ಗಾಡಿ ಗೋಡೆಗೆ ಹೊಡೆದರೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಡುತ್ತದೆ. ಆ ಹೊತ್ತಿನಲ್ಲಿ 7 ಕೆ.ಜಿ. ಮಗುವನ್ನು ತಡೆಯಲು ಬೇಕಾಗುವ ಶಕ್ತಿ ಒಂದು ಕ್ವಿಂಟಲ್ ಅಕ್ಕಿ ಮೂಟೆ ಎತ್ತುವಷ್ಟು. ಯಾವ ತಾಯಿಯ ಕೈಗೂ ಅಷ್ಟು ಬಲ ಇಲ್ಲ, ಪೈಲ್ವಾನನ ಕೈಗೂ ಇಲ್ಲ. ಇನ್ನೊಂದು ರೀತಿ ಹೇಳುತ್ತೇನೆ. 50ರ ವೇಗದಲ್ಲಿ ಹೊಡೆಯುವುದು ಅಂದರೆ ಮೂರನೇ ಮಹಡಿಯಿಂದ ನೆಲಕ್ಕೆ ಬಿದ್ದಷ್ಟು. 80 ಅಂದರೆ ಎಂಟನೇ ಮಹಡಿ. ಮೂರನೇ ಮಹಡಿಯ ಬಾಲ್ಕನಿಗೆ ನಾವು ಗ್ರಿಲ್ ಹಾಕಿಸುತ್ತೇವೆ. ಮಗುವನ್ನು ಎತ್ತಿಕೊಂಡು ಅದರ ಕಟ್ಟೆ ಮೇಲೆ ಕೂರುವುದಿಲ್ಲ.

ಕೆಲವರು ಒಂದೇ ಬೆಲ್ಟನ್ನು ತಾಯಿ ಮಗು ಇಬ್ಬರಿಗೂ ಸೇರಿಸಿ ಹಾಕುತ್ತಾರೆ. ದಯವಿಟ್ಟು ಬೇಡ. ತಾಯಿಯ ಪೂರ್ತಿ ಭಾರ ಮಗುವನ್ನು ಬೆಲ್ಟಿಗೆ ಒತ್ತಿಬಿಡುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು ಇನ್ನೂ ಅಪಾಯ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಅದು ದೊಡ್ಡವರ ಎದೆಗೆ ಅಂತ ಮಾಡಿದ್ದು, ಮಗುವಿನ ತಲೆಗೆ ಅಲ್ಲ. ಇನ್ನು ಸನ್‌ರೂಫ್ ತೆಗೆದು ಮಕ್ಕಳನ್ನು ನಿಲ್ಲಿಸುವುದನ್ನು ಈಚೆಗೆ ಎಕ್ಸ್‌ಪ್ರೆಸ್‌ವೇಯಲ್ಲೂ ನೋಡುತ್ತಿದ್ದೇನೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾದರೆ ಮಗು ಎಲ್ಲಿ ಕೂರಬೇಕು? ಹಿಂದಿನ ಸೀಟಿಗೆ ಬಿಗಿದ ಮಕ್ಕಳ ಕಾರ್ ಸೀಟಿನಲ್ಲಿ, ಗಾಡಿಯ ಹಿಂಭಾಗಕ್ಕೆ ಮುಖ ಮಾಡಿ. ಹಿಂಭಾಗಕ್ಕೆ ಯಾಕೆ? ಎಳೆ ಮಗುವಿನ ತಲೆ ಅದರ ಉದ್ದದ ಕಾಲು ಭಾಗ ಇರುತ್ತದೆ. ಕತ್ತು ನೋಡಿದರೆ ಇನ್ನೂ ಮೆತ್ತಗೆ. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಎದೆಯನ್ನು ಬೆಲ್ಟ್ ಹಿಡಿಯುತ್ತದೆ, ಭಾರದ ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೆ ತಾಳಿಕೊಳ್ಳುತ್ತದೆ. ಯುರೋಪಿನ ಆರ್129 ನಿಯಮದ ಸೀಟುಗಳಲ್ಲಿ ಕನಿಷ್ಠ 15 ತಿಂಗಳು ಹೀಗೇ ಕೂರಿಸಬೇಕು. ಸೀಟು ಹಿಡಿಸುವ ತನಕ, ಎರಡು ವರ್ಷ ದಾಟಿದರೂ, ಹಾಗೇ ಕೂರಿಸಿ ಅಂತ ನಾನು ಹೇಳುತ್ತೇನೆ. "ಪಾಪ, ಕಾಲು ಮಡಚಿಕೊಂಡಿದೆ" ಅಂತ ಬೇಗ ತಿರುಗಿಸಬೇಡಿ. ಮಕ್ಕಳಿಗೆ ಚಕ್ಕಲ ಬಕ್ಕಲ ಕೂರುವುದು ಕಷ್ಟವೇ ಅಲ್ಲ.

ಆಮೇಲೆ ಮುಂದಕ್ಕೆ ಮುಖ ಮಾಡುವ ಸೀಟು, ಅದಾದ ಮೇಲೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್. ಗಾಡಿಯ ಮಾಮೂಲಿ ಬೆಲ್ಟ್ ಸರಿಯಾಗಿ ಕೂರುವುದು ಮಗು ಸುಮಾರು 145 ಸೆಂ.ಮೀ. ಎತ್ತರ ಆದ ಮೇಲೆ. ಅದಕ್ಕಿಂತ ಕುಳ್ಳಗಿದ್ದರೆ ಬೆಲ್ಟ್ ಭುಜದ ಬದಲು ಕತ್ತಿಗೆ ಬರುತ್ತದೆ. ಆಗ ಮಕ್ಕಳು ಅದನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತಾರೆ. ಹಾಗೆ ತೂರಿಸಿದರೆ ಬೆಲ್ಟ್ ಹೊಟ್ಟೆಯನ್ನೇ ಒತ್ತುತ್ತದೆ.

ಕಾನೂನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡದ ಮಾತು ಬಿಡಿ. ಗಾಡಿಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 18 ತಿಂಗಳ ಮತ್ತು 3 ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಕೂರಿಸಿ ಗಾಡಿಯನ್ನು 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸುತ್ತಾರೆ. ಗಾಡಿ ಕೊಳ್ಳುವಾಗ ಮಕ್ಕಳ ಸುರಕ್ಷತೆಗೆ ಎಷ್ಟು ಸ್ಟಾರ್ ಸಿಕ್ಕಿದೆ ಅಂತ ಕೇಳಿ. ಆದರೆ ನೆನಪಿಡಿ, ಆ ಸ್ಟಾರ್ ಬಂದಿರುವುದು ಸೀಟಿನಲ್ಲಿ ಕಟ್ಟಿದ ಗೊಂಬೆಗೆ. ಮಡಿಲಲ್ಲಿ ಕೂತ ಮಗುವಿಗೆ ಯಾವ ಸ್ಟಾರೂ ಇಲ್ಲ.

ಮಕ್ಕಳ ಸೀಟಿನ ಬೆಲೆ ಜಾಸ್ತಿ ಅಂತೀರಿ. ಹೌದು, ಸಾವಿರಗಟ್ಟಲೆ ಆಗುತ್ತದೆ. ಅದಕ್ಕೆ ಒಂದು ಮಾತು. ನಾಮಕರಣಕ್ಕೆ ಬೆಳ್ಳಿ ಬಟ್ಟಲು, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ ಬರುತ್ತವೆ. ನಮ್ಮ ಮನೆಯಲ್ಲೇ ನಾಲ್ಕು ಬಟ್ಟಲು ಹಾಗೇ ಇವೆ. ತಂಗಿಗೆ ಮಗುವಾದಾಗ ನಾವು ಮೂರು ಮನೆಯವರು ದುಡ್ಡು ಸೇರಿಸಿ ಸೀಟು ಕೊಟ್ಟೆವು. ಅಜ್ಜಿಯರೇ, ಸೋದರಮಾವಂದಿರೇ, ನಿಮ್ಮನ್ನು ಕೇಳಿಕೊಳ್ಳುತ್ತಿರುವುದು ಇದನ್ನೇ. ಅಮೆರಿಕದ ಅಕ್ಕನಿಂದ ಹಳೆ ಸೀಟು ಬಂದರೆ ಅಡಿಯಲ್ಲಿ ಪ್ಲಾಸ್ಟಿಕ್ ಮೇಲೆ ಒತ್ತಿರುವ ತಾರೀಕು ನೋಡಿ, ಅವಧಿ ಮುಗಿದಿರಬಾರದು. ಒಮ್ಮೆ ಅಪಘಾತ ಕಂಡ ಸೀಟು ಮತ್ತೆ ಕೆಲಸಕ್ಕೆ ಬಾರದು.

ಸೀಟು ತಂದರೆ ಸಾಲದು, ಕಟ್ಟುವುದನ್ನೂ ಕಲಿಯಬೇಕು. ಹೊರಡುವ ದಿನ ಬೆಳಿಗ್ಗೆ ಅಲ್ಲ, ವಾರ ಮೊದಲೇ. ನಮ್ಮ ಗಾಡಿಗಳಲ್ಲಿ ಒಂದು ವಿಚಿತ್ರ ಇದೆ. ಹೊಸ ಗಾಡಿ ಬಂದ ಕೂಡಲೇ ಸೀಟ್ ಕವರ್ ಹಾಕಿಸುತ್ತೇವೆ. ಹಿಂದಿನ ಬೆಲ್ಟಿನ ಬಕಲ್ ಕವರ್ ಅಡಿ ಸೇರಿಬಿಡುತ್ತದೆ. ಬಾಡಿಗೆ ಗಾಡಿಗಳಲ್ಲಂತೂ ಅದು ಸಿಗುವುದೇ ಇಲ್ಲ. ಮೊದಲು ಅದನ್ನು ಎಳೆದು ಹೊರಗೆ ತೆಗೆಯಿರಿ. ಬಾಡಿಗೆ ಗಾಡಿಯಾದರೆ ಬುಕ್ ಮಾಡುವಾಗಲೇ ಹೇಳಿ, ಮಕ್ಕಳ ಸೀಟು ನೀವೇ ತೆಗೆದುಕೊಂಡು ಹೋಗಿ. ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸಲು ಗಾಡಿಯಲ್ಲೇ ಐಸೋಫಿಕ್ಸ್ ಕೊಂಡಿ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಮಕ್ಕಳ ಸೀಟಿನ ಮೇಲೆ ಮಂಡಿ ಊರಿ, ಭಾರ ಹಾಕಿ ಬೆಲ್ಟ್ ಎಳೆಯಿರಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು.

ಮಗುವನ್ನು ಕಟ್ಟುವಾಗ ನಮ್ಮ ಕುಂಚಿಗೆ, ದುಪಟಿ, ಉಣ್ಣೆ ಸ್ವೆಟರ್ ಎಲ್ಲ ಅಡ್ಡ ಬರುತ್ತವೆ. ದಪ್ಪ ಬಟ್ಟೆಯ ಮೇಲೆ ಬೆಲ್ಟ್ ಬಿಗಿ ಅನಿಸುತ್ತದೆ. ಡಿಕ್ಕಿಯಲ್ಲಿ ಬಟ್ಟೆ ಅಪ್ಪಚ್ಚಿಯಾಗಿ ಮಗು ಜಾರಿಬಿಡುತ್ತದೆ. ಆದ್ದರಿಂದ ತೆಳ್ಳಗಿನ ಅಂಗಿಯಲ್ಲಿ ಕಟ್ಟಿ, ಆಮೇಲೆ ಮೇಲಿಂದ ದುಪಟಿ ಹೊದಿಸಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಇದೆ ಅಂತ ಅರ್ಥ.

ಈಗ ದಾರಿಯ ಮಾತು. ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿ.ಮೀ. ನಾವಿಬ್ಬರೇ ಹೋದರೆ ಏಳೆಂಟು ತಾಸು. ಮಗು ಜೊತೆಗಿದ್ದರೆ ಹತ್ತು-ಹನ್ನೊಂದು ತಾಸು ಅಂತಲೇ ಲೆಕ್ಕ ಹಾಕಿ. ಎರಡು ತಾಸಿಗೊಮ್ಮೆ ನಿಲ್ಲಿಸಿ ಮಗುವನ್ನು ಸೀಟಿನಿಂದ ತೆಗೆದು ಚಪ್ಪಟೆಯಾಗಿ ಮಲಗಿಸಲೇಬೇಕು. ಅರೆ ಕೂತ ಭಂಗಿಯಲ್ಲಿ ಎಳೆ ಮಗುವಿನ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಟ್ಟಿಕೊಳ್ಳಬಹುದು. ಮೊದಲ ಕೆಲವು ವಾರಗಳ ಮಗುವಿಗಂತೂ ಅರ್ಧ ತಾಸಿಗಿಂತ ಜಾಸ್ತಿ ಒಂದೇ ಸಮನೆ ಬೇಡ. ಅಷ್ಟು ಚಿಕ್ಕ ಮಗುವಿನ ಜೊತೆ ದೂರದ ಪ್ರಯಾಣವನ್ನೇ ಮುಂದೆ ಹಾಕಿ. ಹಾಲು ಕುಡಿಸುವುದು ಗಾಡಿ ನಿಂತಾಗ ಮಾತ್ರ. ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ದೊಡ್ಡವರೊಬ್ಬರು ಇರಲಿ. ಅವರೂ ಬೆಲ್ಟ್ ಹಾಕಿರಲಿ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಬೆಲ್ಟ್ ಹಾಕದ ದೊಡ್ಡವರು ಪಕ್ಕದ ಮಗುವಿನ ಮೇಲೆ ಅಪ್ಪಳಿಸುತ್ತಾರೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಮಗು ಅತ್ತರೆ? ಅಳುತ್ತದೆ. ನನ್ನ ಎರಡನೆಯವನು ಖಂಬಾಟ್ಕಿ ಘಾಟ್‌ನಿಂದ ಸಾತಾರಾ ತನಕ ಅತ್ತಿದ್ದ. ತೆಗೆದು ಎತ್ತಿಕೊಳ್ಳೋಣ ಅಂತ ಕೈ ಎಳೆಯುತ್ತದೆ. ಓಡುವ ಗಾಡಿಯಲ್ಲಿ ತೆಗೆಯಬೇಡಿ. ಪೆಟ್ರೋಲ್ ಬಂಕ್ ಅಥವಾ ಹೋಟೆಲ್ ಸಿಗುವ ತನಕ ಮಾತಾಡಿಸಿ, ಹಾಡಿ, ಆಮೇಲೆ ನಿಲ್ಲಿಸಿ ಎತ್ತಿಕೊಳ್ಳಿ. ಹೈವೇ ಅಂಚಿನಲ್ಲಿ ನಿಲ್ಲಿಸಬೇಡಿ. ಅದಕ್ಕೇ ಮೊದಲು ಮನೆಯ ಸುತ್ತ ಹತ್ತಿಪ್ಪತ್ತು ನಿಮಿಷದ ರೂಢಿ ಮಾಡಿಸಿ. ನಿದ್ದೆ ಬರಲಿ ಅಂತ ಶೀತದ ಸಿರಪ್ ಕೊಡುವವರಿದ್ದಾರೆ. ಅದು ತುಂಬಾ ಅಪಾಯ. ಅಂಥ ಔಷಧದ ಒಂದು ಮಾಮೂಲಿ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲಿ ಸರ್ಕಾರವೇ ಹೇಳಿದೆ.

ಮುಂಬಯಿಗೆ ಹೋಗುವವರು ಲೋಣಾವಳದಲ್ಲಿ ಚಿಕ್ಕಿ ಕೊಳ್ಳಿ, ಆದರೆ ನಾಲ್ಕು ವರ್ಷದೊಳಗಿನ ಮಗುವಿಗೆ ಗಾಡಿಯಲ್ಲಿ ಕೊಡಬೇಡಿ. ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ ಕೂಡ ಬೇಡ. ಗಂಟಲಿಗೆ ಸಿಕ್ಕಿದರೆ ಮುಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ, ಉಸಿರು ಕಟ್ಟಿದ ಮಗು ಸದ್ದು ಮಾಡುವುದಿಲ್ಲ. ತವರಿನಿಂದ ಬರುವ ಸ್ಟೀಲ್ ಡಬ್ಬಿಗಳೆಲ್ಲ ಗಾಡಿಯ ಹಿಂದೆ ಸಾಮಾನಿಡುವ ಜಾಗದಲ್ಲಿ ಕೆಳಗೆ ಇರಲಿ. ಆ ಕರಾಡಿನ ಸಂಜೆ ಶೇಂಗಾ ಹೋಳಿಗೆಯ ಡಬ್ಬಿ ಹಿಂದಿನ ಗಾಜಿನ ಕೆಳಗಿಂದ ಹಾರಿ ನನ್ನ ಭುಜ ಸವರಿಕೊಂಡು ಹೋಗಿ ಗೇರ್ ಹತ್ತಿರ ಬಿದ್ದಿತ್ತು.

"ಎರಡೇ ನಿಮಿಷ, ಟೀ ತರ್ತೀನಿ" ಅಂತ ಮಲಗಿದ ಮಗುವನ್ನು ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಮುಚ್ಚಿದ ಗಾಡಿಯೊಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಖೆ ಏರುತ್ತದೆ. ಮಗುವಿನ ಮೈ ನಮಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ಕೊನೆಯದಾಗಿ ರಾತ್ರಿ ಪ್ರಯಾಣ. ಆಫೀಸ್ ಮುಗಿಸಿ ಹೊರಟರೆ ಮಗು ಮಲಗಿರುತ್ತದೆ, ಟ್ರಾಫಿಕ್ ಇರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಗುವಿಗೇನೋ ನಿದ್ದೆ ಸರಿ. ಬೆಳಗಿನ ಜಾವ ಎರಡರಿಂದ ಐದರ ಹೊತ್ತಿಗೆ ಗಾಡಿ ಓಡಿಸುವವರಿಗೂ ಅದೇ ನಿದ್ದೆ ಬರುತ್ತದೆ. ರಾತ್ರಿ ಮನೆಯಲ್ಲಿ ಚೆನ್ನಾಗಿ ಮಲಗಿ, ನಸುಕಿನಲ್ಲಿ ಐದಕ್ಕೋ ಐದೂವರೆಗೋ ಹೊರಡಿ. ಫೋನಿನಲ್ಲಿ ಮೂರು ನಂಬರ್ ಇರಲಿ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಗೆ 1033. 108 ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ನಡೆಯುತ್ತದೆ.

ನನ್ನ ಗಾಡಿ ಹೊರಗೆ ಅಂಗಳದಲ್ಲೇ ಇದೆ. ಎರಡು ಸೀಟು ತಂದಿದ್ದೇನೆ, 7 ಕೆ.ಜಿ. ಅಕ್ಕಿ ತುಂಬಿದ ಒಂದು ಚೀಲವೂ ಇದೆ. ನೀವೇ ಕಟ್ಟಿ, ನೀವೇ ಅಲ್ಲಾಡಿಸಿ ನೋಡಿ. ಅಜ್ಜಿಯರು ಮೊದಲು ಬನ್ನಿ, ಕುಂಚಿಗೆ ಎಲ್ಲಿ ಬರಬೇಕು ಅಂತ ತೋರಿಸುತ್ತೇನೆ. ಗಾಡಿಯಲ್ಲಿ ಬಂದವರು ಕೀಲಿ ತೆಗೆದುಕೊಂಡೇ ಬನ್ನಿ. ನಿಮ್ಮ ಹಿಂದಿನ ಸೀಟಿನ ಬಕಲ್ ಕವರ್ ಮೇಲಿದೆಯಾ, ಅಡಿಯಲ್ಲಿದೆಯಾ ಅಂತ ಈಗಲೇ ನೋಡೋಣ.