ನೆಗೆಟಿವ್ ಬಂತು ಅಂತ ಮನೆಗೆ ಕಳಿಸಬೇಡಿ

ನಮಸ್ಕಾರ. ಟಿಬಿ ಮತ್ತು ಎಚ್‌ಐವಿ ಎರಡೂ ಒಬ್ಬರ ಮೈಯಲ್ಲೇ ಸೇರಿದಾಗ ನಮ್ಮ ಕಡೆ ಏನು ತಪ್ಪುತ್ತೆ, ಯಾಕೆ ತಪ್ಪುತ್ತೆ ಅನ್ನೋದು ಇವತ್ತಿನ ಮಾತು. ಶುರು ಮಾತ್ರ ಎಚ್‌ಐವಿ ಅನ್ನೋ ಹೆಸರೇ ಹುಟ್ಟದ ಕಾಲದ್ದು.

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯಲ್ಲಿ ಟಿಬಿ ಸಮೀಕ್ಷೆ ನಡೆಸಿತು. ಅದರ ಜೊತೆಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇನ್ನೊಂದು ಅಧ್ಯಯನ ಮಾಡಿದರು. ಕಫದಲ್ಲಿ ರೋಗಾಣು ಇದ್ದವರಿಗೆ ತಮ್ಮ ಕಾಯಿಲೆ ಬಗ್ಗೆ ಏನು ಗೊತ್ತಿತ್ತು, ಅವರು ಏನು ಮಾಡಿದ್ದರು ಅನ್ನೋದನ್ನ ಕೇಳಿ ತಿಳಿದರು. 1963ರಲ್ಲಿ ಅದು ಪ್ರಕಟವಾಯ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ. ಹಳ್ಳಿ ಜನಕ್ಕೆ ತಿಳುವಳಿಕೆ ಸಾಲದು ಅಂತ ಇವತ್ತಿಗೂ ಭಾಷಣ ಮಾಡ್ತೀವಲ್ಲ, ಅದಕ್ಕೆ ಉತ್ತರ ನಮ್ಮ ಜಿಲ್ಲೆಯಿಂದಲೇ ಅರವತ್ತು ವರ್ಷದ ಹಿಂದೆ ಹೋಗಿತ್ತು.

ಈಗ ಎಚ್‌ಐವಿ ಇರೋ ವ್ಯಕ್ತಿಯನ್ನ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. "ಎರಡು ವಾರದಿಂದ ಕೆಮ್ಮು ಇದೆಯಾ?" ಅಂತ ಕೇಳ್ತಾರೆ. ಇಲ್ಲ. ಕಫ ಪರೀಕ್ಷೆ? ನೆಗೆಟಿವ್. ಎಕ್ಸ್‌ರೇ? ಅಂಥದ್ದೇನೂ ಕಾಣಲ್ಲ. ಮನೆಗೆ ಕಳಿಸ್ತಾರೆ. ಮೂರೂ ಉತ್ತರ ನಿಜ, ಆದರೂ ಒಳಗೆ ಟಿಬಿ ಇರಬಹುದು.

ಕಾರಣ ಇಷ್ಟೇ. ಟಿಬಿಯಲ್ಲಿ ಶ್ವಾಸಕೋಶ ಕೊರೆದು ಗುಳಿ ಬೀಳೋದಕ್ಕೆ ಬಹುಮಟ್ಟಿಗೆ ನಮ್ಮ ರೋಗನಿರೋಧಕ ವ್ಯವಸ್ಥೆಯ ಹೋರಾಟವೇ ಕಾರಣ. ಆ ಗುಳಿ ಕಫದ ದಾರಿಗೆ ತೆರೆದುಕೊಂಡಾಗ ರೋಗಾಣು ರಾಶಿರಾಶಿಯಾಗಿ ಹೊರಬರುತ್ತೆ. ಎಚ್‌ಐವಿ ಸಿಡಿ4 ಅನ್ನೋ ಬಿಳಿ ರಕ್ತಕಣಗಳನ್ನ ಕಡಿಮೆ ಮಾಡಿದ ಮೇಲೆ ಆ ಹೋರಾಟವೇ ನಡೆಯಲ್ಲ. ಗುಳಿ ಆಗಲ್ಲ, ಕಫದಲ್ಲಿ ರೋಗಾಣು ಕಡಿಮೆ, ಕೆಮ್ಮೂ ಕಡಿಮೆ. ಕಾಯಿಲೆ ಸದ್ದಿಲ್ಲದೆ ದುಗ್ಧಗ್ರಂಥಿಯ ಗಂಟಿಗೆ, ಹೊಟ್ಟೆಗೆ, ಮೆದುಳಿನ ಪೊರೆಗೆ ಹರಡುತ್ತೆ. ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣು ಬೇಕು. ರೋಗಾಣುವಿನ ಡಿಎನ್‌ಎ ಹುಡುಕೋ ಸಿಬಿನ್ಯಾಟ್ ಯಂತ್ರಕ್ಕೆ ನೂರಮೂವತ್ತರ ಆಸುಪಾಸು ಇದ್ದರೂ ಸಾಕು. ಎರಡು ಗಂಟೆಯೊಳಗೆ ಫಲಿತಾಂಶ, ಜೊತೆಗೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗದ ತಳಿಯೋ ಅನ್ನೋದೂ ತಿಳಿಯುತ್ತೆ. ಎಚ್‌ಐವಿ ಇರೋರಿಗೆ ಮೊದಲ ಪರೀಕ್ಷೆಯೇ ಸಿಬಿನ್ಯಾಟ್ ಅಥವಾ ಅದೇ ಥರದ ಟ್ರೂನ್ಯಾಟ್ ಆಗಿರಬೇಕು. ಬರೀ ಸ್ಲೈಡ್ ನೋಡಿ ಚೀಟಿ ಕೊಟ್ಟರೆ ಒಪ್ಪಬೇಡಿ.

ಇವರಿಗೆ ಎರಡು ವಾರದ ಲೆಕ್ಕವೂ ಇಲ್ಲ. ಕೆಮ್ಮು ಒಂದು ದಿನದ್ದಾದರೂ ಸರಿ, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು: ಈ ನಾಲ್ಕರಲ್ಲಿ ಒಂದಿದ್ದರೂ ಪರೀಕ್ಷೆ ಆಗಬೇಕು. ಎಚ್‌ಐವಿ ಔಷಧಿ ಕೊಡೋ ಎ.ಆರ್.ಟಿ. ಸೆಂಟರ್‌ಗೆ ಹೋದ ಪ್ರತಿ ಸಲವೂ ಈ ನಾಲ್ಕು ಪ್ರಶ್ನೆ ಕೇಳಬೇಕು. ರಶ್ ಇದ್ದ ದಿನ ಮೊದಲು ಬಿಟ್ಟುಹೋಗೋದು ಇದೇ.

ಕಫ ಕೊಡೋದರಲ್ಲೂ ಎಡವಟ್ಟು ಆಗುತ್ತೆ. ಬಾಯಿ ನೀರಲ್ಲಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಬೆಳಿಗ್ಗೆ ಎದ್ದ ತಕ್ಷಣದ್ದು ಒಳ್ಳೇದು, 2ರಿಂದ 5 ಮಿಲಿಲೀಟರ್ ಸಾಕು. ಡಬ್ಬಿಯಲ್ಲಿ ಬರೀ ಜೊಲ್ಲು ಇದ್ದರೆ ಯಂತ್ರ ಎಷ್ಟು ಲಕ್ಷದ್ದಾದರೂ ನೆಗೆಟಿವ್ ಅಂತಲೇ ಹೇಳುತ್ತೆ.

ಇನ್ನೊಂದು ಕಡೆ ಆಗೋ ಎಡವಟ್ಟು ಇದಕ್ಕಿಂತ ದುಬಾರಿ. ಕತ್ತಿನ ಗಂಟು ಕೊಯ್ದು ತೆಗೀತಾರೆ, ತೆಗೆದ ಚೂರನ್ನ ಪೂರ್ತಿ ಫಾರ್ಮಾಲಿನ್‌ಗೆ, ಅಂದರೆ ಅಂಗಾಂಶ ಕೆಡದಂತೆ ಇಡೋ ದ್ರಾವಣಕ್ಕೆ, ಹಾಕಿಬಿಡ್ತಾರೆ. ಫಾರ್ಮಾಲಿನ್‌ನಲ್ಲಿ ರೋಗಾಣು ಸತ್ತೇಹೋಗುತ್ತೆ, ಅದನ್ನ ಲ್ಯಾಬಿನಲ್ಲಿ ಬೆಳೆಸಿ ನೋಡೋ ಕಲ್ಚರ್ ಮಾಡೋಕಾಗಲ್ಲ, ಸಿಬಿನ್ಯಾಟ್‌ಗೂ ಆ ಚೂರು ಸರಿಹೋಗಲ್ಲ. ಒಂದು ಭಾಗ ಫಾರ್ಮಾಲಿನ್‌ಗೆ, ಇನ್ನೊಂದು ಭಾಗ ನಾರ್ಮಲ್ ಸಲೈನ್ ಅನ್ನೋ ಉಪ್ಪುನೀರಿಗೆ ಹೋಗಬೇಕು. ಆಪರೇಷನ್‌ಗೆ ಮುಂಚೆ ರೋಗಿಯ ಕಡೆಯವರೇ ಇದನ್ನ ಕೇಳಬಹುದು, ಕೇಳೋದರಲ್ಲಿ ತಪ್ಪೇನಿಲ್ಲ. ಸಿಡಿ4 ತುಂಬಾ ಇಳಿದಿದ್ದು, ಕಫ ತೆಗೆಯೋಕೂ ಶಕ್ತಿ ಇಲ್ಲದವರಿಗೆ ಮೂತ್ರದಲ್ಲಿ ಮಾಡೋ ಲ್ಯಾಮ್ ಪರೀಕ್ಷೆ ಇದೆ. ಪಟ್ಟಿ ಮೇಲೆ ನಾಲ್ಕು ಹನಿಯೂ ಬೇಡ, ಇಪ್ಪತ್ತೈದು ನಿಮಿಷ ಕಾದರೆ ಆಯ್ತು. ಇಲ್ಲೂ ಅಷ್ಟೇ, ಪಾಸಿಟಿವ್ ಬಂದರೆ ಔಷಧಿ ಶುರು, ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥ ಅಲ್ಲ.

ಮೆಡಿಕಲ್ ಸ್ಟೋರ್ ಅಣ್ಣಂದಿರಿಗೆ ಒಂದು ಮಾತು. ವಾಸಿಯಾಗದ ಕೆಮ್ಮಿಗೆ ಲಿವೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೊಡಬೇಡಿ. ಅದು ಟಿಬಿ ರೋಗಾಣುವನ್ನೂ ಅರ್ಧಂಬರ್ಧ ಹೊಡೆಯುತ್ತೆ. ನಾಲ್ಕು ದಿನ ಆರಾಮ ಅನ್ನಿಸುತ್ತೆ, ಪರೀಕ್ಷೆ ಮುಂದಕ್ಕೆ ಹೋಗುತ್ತೆ, ಔಷಧಿಗೆ ಬಗ್ಗದ ತಳಿಗೂ ದಾರಿ ಆಗುತ್ತೆ. (ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ಆದರೆ ಅಲ್ಲಿ ಕಲ್ಲುಧೂಳು ಕುಡಿದ ಎದೆಗಳು ಇನ್ನೂ ನಮ್ಮ ಮಧ್ಯೆ ಇವೆ, ಚಿಕ್ಕಬಳ್ಳಾಪುರದ ಕ್ರಷರ್‌ಗಳಲ್ಲಿ ಹೊಸದಾಗಿ ಕುಡೀತಿರೋರೂ ಇದ್ದಾರೆ. ಆ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಇದ್ದರೆ ಟಿಬಿ ಅಪಾಯ ಜಾಸ್ತಿ, ಎಕ್ಸ್‌ರೇ ಓದೋದೂ ಕಷ್ಟ. ಅದೇ ಒಂದು ಬೇರೆ ಎಪಿಸೋಡ್.)

ಇನ್ನು ಚಿಕಿತ್ಸೆ. ಔಷಧಿಗೆ ಬಗ್ಗುವ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಮಾತ್ರೆ ಲೆಕ್ಕ ತೂಕದ ಮೇಲೆ: 35ರಿಂದ 49 ಕೆಜಿ ಇದ್ದರೆ ದಿನಕ್ಕೆ 3, 50ರಿಂದ 64 ಇದ್ದರೆ 4. ಚಿಕಿತ್ಸೆಯಲ್ಲಿ ತೂಕ ಏರೋದು ಸಹಜ, ಹಾಗಾಗಿ ಪ್ರತಿ ತಿಂಗಳು ತೂಗಿ ನೋಡಬೇಕು.

ಟಿಬಿ ಔಷಧಿ ಮೊದಲು ಶುರು, ಎಚ್‌ಐವಿ ಔಷಧಿ ಅದಾದ ಎರಡು ವಾರದೊಳಗೆ. ಮೆದುಳಿನ ಪೊರೆಯ ಟಿಬಿ ಆಗಿದ್ದರೆ ಮಾತ್ರ ನಾಲ್ಕರಿಂದ ಎಂಟು ವಾರ ತಡೀತಾರೆ.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು ಮುಂದಿನ ವಿಷಯ. ಈಗ ಹೆಚ್ಚಿನವರು ತಗೊಳ್ಳೋ ಎಚ್‌ಐವಿ ಮಾತ್ರೆ ಟಿಎಲ್‌ಡಿ, ಅದರೊಳಗೆ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇದೆ. ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನ ಎಬ್ಬಿಸಿ ಕೂರಿಸುತ್ತೆ, ಅವು ಡೊಲುಟೆಗ್ರಾವಿರ್‌ನ ಬೇಗ ಬೇಗ ಕರಗಿಸಿ ಹಾಕುತ್ತವೆ. ಅದಕ್ಕೇ ಟಿಎಲ್‌ಡಿ ನುಂಗಿದ ಹನ್ನೆರಡು ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಪ್ರತ್ಯೇಕವಾಗಿ ಬೇಕು. ಈ ಎರಡನೇ ಮಾತ್ರೆ ಬರೆಯಬೇಕಾದರೆ ಎ.ಆರ್.ಟಿ. ಸೆಂಟರ್‌ಗೆ ಟಿಬಿ ಔಷಧಿ ಶುರುವಾಗಿದೆ ಅಂತ ಗೊತ್ತಾಗಬೇಕಲ್ಲ? ನಮ್ಮ ಕಡೆ ಯಾರಾದರೂ ನೋಡಿಬಿಟ್ಟರೆ ಅಂತ ಪಾವಗಡದವರು, ಚಿಂತಾಮಣಿಯವರು ಎಚ್‌ಐವಿ ಮಾತ್ರೆಗೆ ದೂರದ ಊರಿಗೆ ಬಸ್ ಹತ್ತುತ್ತಾರೆ. ಟಿಬಿ ಮಾತ್ರೆ ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಎರಡು ಪುಸ್ತಕ, ಎರಡು ಊರು. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟದೇ ಹೋದರೆ ವೈರಸ್ ತಲೆ ಎತ್ತುತ್ತೆ, ಆಮೇಲೆ "ಮಾತ್ರೆ ಸರಿಯಾಗಿ ತಗೊಂಡಿಲ್ಲ" ಅಂತ ಬೈಸಿಕೊಳ್ಳೋದು ರೋಗಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಯಾರ ಎಚ್‌ಐವಿ ವಿಷಯವನ್ನೂ ಬಯಲು ಮಾಡೋ ಹಾಗಿಲ್ಲ. ಕಾರಿಡಾರ್‌ನಲ್ಲಿ ಹೆಸರು ಕೂಗಿ ಕರೆಯೋದನ್ನ ನಿಲ್ಲಿಸಿದರೆ ಜನ ಅಷ್ಟು ದೂರ ಓಡಲ್ಲ, ಎರಡೂ ಔಷಧಿ ಒಂದೇ ಕಡೆ ಸಿಗುತ್ತೆ.

ಗರ್ಭನಿರೋಧಕ ಮಾತ್ರೆಯ ಬಲವನ್ನೂ ರಿಫಾಂಪಿಸಿನ್ ಕುಗ್ಗಿಸುತ್ತೆ, ಇದನ್ನ ಹೆಣ್ಣುಮಕ್ಕಳಿಗೆ ಹೇಳೋರು ಕಡಿಮೆ. ಮೂತ್ರ ಕಿತ್ತಳೆ ಬಣ್ಣ ಆದರೆ ಹೆದರಬೇಡಿ, ಅದು ಔಷಧಿ ಬಣ್ಣ. ಕಣ್ಣಿನ ಬಿಳಿ ಭಾಗ ಹಳದಿ ಆದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಕೆಂಪು ಹಸಿರು ಗುರುತು ಸಿಗದಿದ್ದರೆ ಎಥಾಂಬುಟಾಲ್ ಕಡೆ ಅನುಮಾನ. ಪಾದ ಉರಿ, ಜುಮ್ಮು ಬಂದರೆ ಐಸೋನಿಯಾಜಿಡ್. ಅದಕ್ಕೇ ಜೊತೆಯಲ್ಲಿ ಪೈರಿಡಾಕ್ಸಿನ್ (ವಿಟಮಿನ್ ಬಿ6) ಕೊಡೋದು.

ಎಚ್‌ಐವಿ ಔಷಧಿ ಶುರುವಾಗಿ ಎರಡು ಮೂರು ವಾರಕ್ಕೆ ಕೆಲವರಿಗೆ ಜ್ವರ ಮರಳುತ್ತೆ, ಗಂಟು ದಪ್ಪ ಆಗುತ್ತೆ. ಮಾತ್ರೆ ಆಗಿಬರಲಿಲ್ಲ ಅಂತ ಎರಡನ್ನೂ ಬಿಟ್ಟು ಮನೇಲಿ ಕೂರೋರಿದ್ದಾರೆ. ಬಹಳ ಸಲ ಇದು ಚೇತರಿಸಿಕೊಂಡ ನಿರೋಧಕ ಶಕ್ತಿ ಉಳಿದ ರೋಗಾಣುವಿನ ಮೇಲೆ ಬಿದ್ದಿರೋದರ ಲಕ್ಷಣ, ಐರಿಸ್ ಅಂತಾರೆ. ಔಷಧಿಗೆ ಬಗ್ಗದ ಟಿಬಿ ಅಲ್ಲ ಅಂತ ಮೊದಲು ಖಚಿತ ಮಾಡ್ಕೋಬೇಕು. ಸಾಮಾನ್ಯವಾಗಿ ಎರಡೂ ಚಿಕಿತ್ಸೆ ಮುಂದುವರಿಸಿ, ಬೇಕಾದರೆ ಡಾಕ್ಟರೇ ಸ್ಟೀರಾಯ್ಡ್ ಸೇರಿಸ್ತಾರೆ.

ನಾಲ್ಕು ಲಕ್ಷಣದಲ್ಲಿ ಒಂದೂ ಇಲ್ಲದ ಎಚ್‌ಐವಿ ಇರೋರಿಗೆ ಟಿಬಿ ಬಾರದ ಹಾಗೆ ತಡೆ ಚಿಕಿತ್ಸೆ ಇದೆ: ಆರು ತಿಂಗಳು ದಿನಾ ಐಸೋನಿಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್. ನಿಮಗೆ ಯಾರೂ ಹೇಳಿಲ್ಲ ಅಂದರೆ ಮುಂದಿನ ಸಲ ನೀವೇ ಕೇಳಿ.

ಆ ಎರಡನೇ ಡೊಲುಟೆಗ್ರಾವಿರ್ ಬಗ್ಗೆ ಇನ್ನೊಂದು ವಿಷಯ. ಟಿಬಿ ಕೋರ್ಸ್ ಮುಗಿದ ದಿನವೇ ಅದನ್ನ ನಿಲ್ಲಿಸಬಾರದು. ಎದ್ದು ಕೂತ ಕಿಣ್ವಗಳು ತಣ್ಣಗಾಗೋಕೆ ಸಮಯ ಬೇಕು, ಕೊನೆಯ ರಿಫಾಂಪಿಸಿನ್ ಆದ ಮೇಲೂ ಎರಡು ವಾರ ಮುಂದುವರಿಸಿ.