ರೋಹಿಣಿ ಮಳೆಗೆ ಮುನ್ನ ಬೈಕಿನ ಟೈರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳ ಕೊನೆಯ ವಾರ ನಮ್ಮ ಶಿರಸಿ ಸೀಮೆಯ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಕಟ್ಟಿಗೆ ಒಟ್ಟಬೇಕು, ದರಕು ಒಳಗೆ ಹಾಕಬೇಕು, ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಬೇಕು, ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುವವರನ್ನು ಹುಡುಕಬೇಕು. ಬೆಳಗಾದರೆ ಹಾಲಿನ ಡೇರಿಗೆ, ಸೊಸೈಟಿಗೆ, ಪೇಟೆಗೆ ನಮ್ಮನ್ನು ಹೊರುವ ಬೈಕಿನ ಟೈರನ್ನು ಮಾತ್ರ ಬಗ್ಗಿ ನೋಡುವವರು ಕಡಿಮೆ. ನಾನೂ ನೋಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಸಂಜೆ ಕುಮಟಾದಿಂದ ಮರಳುವಾಗ, ದೇವಿಮನೆ ಘಟ್ಟದ ತಿರುವಿನಲ್ಲಿ ಹಿಂದಿನ ಟೈರು ಒಮ್ಮೆಲೇ ಗಾಳಿ ಬಿಟ್ಟಿತು. ಹಿಂದೆ ಅಮ್ಮ ಕುಳಿತಿದ್ದಳು. ಬಿದ್ದೆವಾದರೂ ನಿಧಾನವಾಗಿದ್ದುದರಿಂದ ಪೆಟ್ಟಾಗಲಿಲ್ಲ. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಟೈರಿನ ನಡುಭಾಗ ಅಂಗೈಯಷ್ಟು ನುಣ್ಣಗಾಗಿತ್ತು. ಆ ವಾರವೇ ಮೂರು ಟೈರ್ ಲಿವರ್, ಅಂದರೆ ಟೈರಿನ ಅಂಚನ್ನು ಮೀಟಿ ತೆಗೆಯುವ ಪಟ್ಟಿಗಳನ್ನು ಕೊಂಡು ತಂದೆ. ಅಂದಿನಿಂದ ನನ್ನ ಬೈಕಿನ ಟೈರು ಬದಲಾಗುವುದು ನನ್ನ ಮನೆಯ ಅಂಗಳದಲ್ಲೇ.

ಟೈರಿನ ಮೇಲೆ ನೀರು ಹರಿದುಹೋಗುವ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಇನ್ನೊಂದು ಮಳೆಗಾಲ ನೋಡೋಣ ಎನ್ನುವ ಮಾತು ಘಟ್ಟದವರಿಗೆ ಹೇಳಿದ್ದಲ್ಲ. ಹೊಸದನ್ನು ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಿ. 2224 ಎಂದಿದ್ದರೆ 2024ನೇ ಇಸವಿಯ 22ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕುಳಿತ ಟೈರಿನ ರಬ್ಬರು ಗಡಸಾಗಿರುತ್ತದೆ, ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಚಕ್ರ ಬಿಚ್ಚುವುದು ಸುಲಭ. ಬೈಕನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಬ್ರೇಕ್ ರಾಡಿನ ನಟ್ಟನ್ನೂ ಆಕ್ಸಲ್ ನಟ್ಟನ್ನೂ ತೆಗೆದು, ಚಕ್ರದ ನಡುವಿನ ಆಕ್ಸಲ್ ಎಳೆದರೆ ಚಕ್ರ ಕೈಗೆ ಬರುತ್ತದೆ. ನಟ್ಟು, ವಾಷರು, ಬುಷ್ಷುಗಳನ್ನು ಒಂದು ಅಡಿಕೆ ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಮತ್ತೆ ಜೋಡಿಸುವಾಗ ಆ ಸಾಲನ್ನು ಹಿಂದಿನಿಂದ ಮುಂದಕ್ಕೆ ಓದಿದರಾಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಟೈರು ಬಿಚ್ಚಲು ಹೋಗಿ ಸೋತವರೆಲ್ಲ ರಟ್ಟೆಯ ಬಲವನ್ನು ನಂಬಿದವರು. ಟೈರಿನ ಎರಡೂ ಅಂಚುಗಳೊಳಗೆ ಉಕ್ಕಿನ ತಂತಿಯ ಬಳೆಯಿದೆ. ಇದಕ್ಕೆ ಬೀಡ್ ಎನ್ನುತ್ತಾರೆ. ಆ ಬಳೆ ಹಿಗ್ಗುವುದಿಲ್ಲ. ರಿಮ್ಮಿನ ಹೊರ ಅಂಚೋ, ಅದಕ್ಕಿಂತ ದೊಡ್ಡದು. ಹಾಗಿದ್ದರೆ ಚಿಕ್ಕ ಬಳೆ ದೊಡ್ಡ ಅಂಚನ್ನು ದಾಟುವುದು ಹೇಗೆ? ಉತ್ತರ ರಿಮ್ಮಿನ ನಡುವೆ ಇದೆ. ತೋಟದ ಬಸಿಗಾಲುವೆಯಂತೆ ಅಲ್ಲಿ ಸುತ್ತಲೂ ಒಂದು ತಗ್ಗು ಇರುತ್ತದೆ. ನೀವು ಲಿವರ್ ಹಾಕುವ ಜಾಗದ ಎದುರು ಬದಿಯ ಬೀಡನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿ. ಅಲ್ಲಿ ಇಳಿದಷ್ಟು ಸಡಿಲ ನಿಮ್ಮ ಕಡೆಗೆ ಬರುತ್ತದೆ, ಲಿವರ್ ತಾನಾಗಿ ಮಗುಚಿಕೊಳ್ಳುತ್ತದೆ. ಲಿವರ್ ಜೋರು ಕೇಳಿದರೆ ಅಲ್ಲೇ ನಿಲ್ಲಿಸಿ. ಎದುರು ಬದಿ ತಗ್ಗಿನಿಂದ ಮೇಲೆದ್ದು ಕುಳಿತಿದೆ ಎಂದೇ ಅದರ ಅರ್ಥ. ಪಂಕ್ಚರ್ ಅಂಗಡಿಯ ಹಿರಿಯರು ಮಾತಾಡುತ್ತಲೇ ಎರಡು ನಿಮಿಷದಲ್ಲಿ ಟೈರು ಕಳಚುವುದನ್ನು ನೋಡಿ ನಾನು ಬೆರಗಾಗುತ್ತಿದ್ದೆ. ಅವರ ಕಣ್ಣು ಲಿವರಿನ ಮೇಲೆ ಇರುತ್ತಲೇ ಇರಲಿಲ್ಲ, ಎದುರು ಬದಿಯನ್ನು ತುಳಿದ ಕಾಲಿನ ಮೇಲಿರುತ್ತಿತ್ತು. ಅದು ನನಗೆ ಹೊಳೆಯಲು ಒಂದು ಮಧ್ಯಾಹ್ನವೂ ಎರಡು ಹರಿದ ಟ್ಯೂಬುಗಳೂ ಬೇಕಾದವು.

ಟ್ಯೂಬಿನ ವಾಲ್ವ್ ಇರುವಲ್ಲಿ ಬೀಡ್ ತಗ್ಗಿಗೆ ಇಳಿಯಲಾರದು, ವಾಲ್ವಿನ ಬುಡ ಅಡ್ಡ ಬರುತ್ತದೆ. ಆದ್ದರಿಂದ ಬಿಚ್ಚುವಾಗ ವಾಲ್ವಿನ ಬಳಿ ಆರಂಭಿಸಿ, ಹಾಕುವಾಗ ವಾಲ್ವಿನ ಬಳಿ ಮುಗಿಸಿ. ಹಳೆಯ ಬೀಡ್ ರಿಮ್ಮಿಗೆ ಕಚ್ಚಿಕೊಂಡಿದ್ದರೆ ಚಕ್ರವನ್ನು ನೆಲಕ್ಕೆ ಮಲಗಿಸಿ, ಇನ್ನೊಂದು ಬೈಕಿನ ಪಕ್ಕದ ಸ್ಟ್ಯಾಂಡನ್ನು ರಿಮ್ಮಿಗೆ ತಾಗದಂತೆ ಟೈರಿನ ಅಂಚಿನ ಮೇಲೆ ಊರಿ ಭಾರ ಬಿಡಿ. ಕಳಚಿಕೊಳ್ಳುತ್ತದೆ. ಹೊಸ ಟೈರನ್ನು ಮೊದಲು ಅರ್ಧ ತಾಸು ಬಿಸಿಲಿಗಿಟ್ಟರೆ ರಬ್ಬರು ಮೆದುವಾಗುತ್ತದೆ. ಈ ಕೆಲಸ ಮೇ ತಿಂಗಳದ್ದು ಎನ್ನಲು ಇದೂ ಒಂದು ಕಾರಣ. ಆಷಾಢದಲ್ಲಿ ಶಿರಸಿಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು?

ಜಾರಿಕೆಗೆ ಸೋಪಿನ ನೀರು ಸಾಕು. ನಮ್ಮ ಮನೆಯಲ್ಲಿ ಅಮ್ಮ ಅಂಟುವಾಳದ ಕಾಯಿ ನೆನೆಸಿ ನೊರೆ ಮಾಡಿ ಕೊಡುತ್ತಾಳೆ, ಅದರಿಂದಲೂ ಕೆಲಸ ಚೆನ್ನಾಗಿ ಆಗುತ್ತದೆ. ಎಂಜಿನ್ ಎಣ್ಣೆ, ಗ್ರೀಸು, ಸೀಮೆಎಣ್ಣೆ ಮಾತ್ರ ಬೇಡವೇ ಬೇಡ. ಅವು ರಬ್ಬರನ್ನು ತಿನ್ನುತ್ತವೆ.

ಕಾರವಾರ, ಅಂಕೋಲಾ, ಹೊನ್ನಾವರದ ಕೇಳುಗರಿಗೆ ಒಂದು ಮಾತು. ಕಡಲ ಉಪ್ಪುಗಾಳಿಗೆ ಕಡ್ಡಿಗಳಿರುವ ಉಕ್ಕಿನ ರಿಮ್ಮು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಹೊರಗೆ ಎಷ್ಟು ಹೊಳೆದರೂ ಟೈರು ತೆಗೆದಾಗ ಒಳಗೆ ಕೈಯಾಡಿಸಿ ನೋಡಿ. ತುಕ್ಕಿನ ಚಕ್ಕೆಗಳು ಟ್ಯೂಬನ್ನು ದಿನದಿನವೂ ಕೆರೆಯುತ್ತವೆ. ಮರಳು ಕಾಗದದಿಂದ ತಿಕ್ಕಿ ಒರೆಸಿ, ಕಡ್ಡಿಗಳ ತಲೆ ಟ್ಯೂಬಿಗೆ ಚುಚ್ಚದಂತೆ ಅವುಗಳ ಮೇಲೆ ಹೊಸ ರಿಮ್ ಟೇಪ್ ಹಾಕಿ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ಹಾಕಿಸಿಕೊಂಡ ಟೈರನ್ನು ಬಿಚ್ಚಿದಾಗ ಒಳಗೆ ಟೇಪೇ ಇರಲಿಲ್ಲ. ತಿಂಗಳಿಗೊಮ್ಮೆ ಏಕೆ ಪಂಕ್ಚರ್ ಆಗುತ್ತಿತ್ತೆಂದು ಆಗ ತಿಳಿಯಿತು.

ಹೊಸ ಟೈರಿನ ಪಕ್ಕೆಯಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೆ ಇರಲಿ. ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ತುಂಬಿ, ಪೌಡರು ಸವರಿ ಒಳಗಿಡಿ. ಚಪ್ಪಟೆಯಾದ ಟ್ಯೂಬು ಲಿವರಿನ ಬಾಯಿಗೆ ಸಿಕ್ಕೇ ಸಿಗುತ್ತದೆ. ಗಾಳಿ ತುಂಬಿದ ಮೇಲೆ ಟೈರಿನ ಅಂಚಿನ ತೆಳು ಗೆರೆ ರಿಮ್ಮಿನ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಒಳಗೆ ಹುದುಗಿದ್ದರೆ ಗಾಳಿ ಬಿಟ್ಟು, ಅಲ್ಲಿ ಸೋಪಿನ ನೀರು ಹಾಕಿ ಮತ್ತೆ ತುಂಬಿ. ಕೊನೆಗೆ ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಇರಲಿ.

ಟ್ಯೂಬ್‌ಲೆಸ್ ಟೈರುಗಳನ್ನು ಮನೆಯಲ್ಲಿ ಬದಲಿಸಲು ಹೋಗಬೇಡಿ ಎಂದೇ ನನ್ನ ಸಲಹೆ. ಬೀಡ್ ರಿಮ್ಮಿಗೆ ಕೂರಲು ಒಮ್ಮೆಲೇ ನುಗ್ಗುವ ಗಾಳಿ ಬೇಕು, ಅದು ಕೈಪಂಪಿನಿಂದ ಆಗುವುದು ಕಷ್ಟ. ಲಿವರ್ ತಾಗಿ ಅಲಾಯ್ ಚಕ್ರದ ಅಂಚು ಕೆತ್ತಿಹೋದರೆ ಅಲ್ಲಿಂದ ಗಾಳಿ ಸೋರುತ್ತಲೇ ಇರುತ್ತದೆ.

ಹೊಸ ಟೈರಿನ ಮೈ ಮೊದಲಿಗೆ ನುಣುಪಾಗಿರುತ್ತದೆ. ನೂರು ಕಿಲೋಮೀಟರಿನಷ್ಟು ದೂರ ಮೆಲ್ಲಗೆ ಓಡಿಸಿ, ತಿರುವಿನಲ್ಲಿ ವಾಲಬೇಡಿ. ಮರುದಿನ ಆಕ್ಸಲ್ ನಟ್ಟಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಕಳಚಿದ ಹಳೆಯ ಟೈರನ್ನು ಅಂಗಳದ ಮೂಲೆಗೆ ಎಸೆಯಬೇಡಿ. ಮಳೆ ಹಿಡಿದರೆ ಅದರೊಳಗೆ ನೀರು ನಿಂತು, ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ. ಗುಜರಿಯವರು ಬರುವವರೆಗೆ ಕೊಟ್ಟಿಗೆಯ ಮಾಡಿನ ಕೆಳಗೆ, ಹನಿ ಬೀಳದ ಕಡೆ ತೂಗುಹಾಕಿಡಿ.

ನಮಸ್ಕಾರ.